ಇದಕ್ಕೂ ಮೊದಲು ಇಲ್ಲೇನಿತ್ತು

ಜಾಗದ ವ್ಯಾಪಾರಕ್ಕೆ ಹೋಗುವಾಗ ಇತಿಹಾಸ ಓದಿದವರನ್ನು ಜೊತೆಗೆ ಕರೆದೊಯ್ಯಬೇಡಿ. ಅನುಭವದಿಂದ ಹೇಳುತ್ತಿದ್ದೇನೆ.

ಕಾಶಿಯ ಶಿವಾಲದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಆಕೆ ಸಾರ್ವಜನಿಕ ಆರೋಗ್ಯದ ಇತಿಹಾಸ ಓದಿದ ಸಂಶೋಧಕಿ, ಧಾರವಾಡದ ಕಡೆಯವರು. ಕಾಲರಾದ ಹಳೆಯ ಕಥೆ ಹುಡುಕುತ್ತ ಢಾಕಾ, ಜಾಂಜಿಬಾರ್ ಸುತ್ತಿ ಇಲ್ಲಿಗೆ ಬಂದಿದ್ದರು. ಎಲ್ಲಿ ನಿಂತರೂ ಒಂದೇ ಪ್ರಶ್ನೆ: "ಇದಕ್ಕೂ ಮೊದಲು ಇಲ್ಲೇನಿತ್ತು?" ನಾನು ಬದನೆಕಾಯಿಯ ದರ ಇಳಿಸುವಷ್ಟರಲ್ಲಿ ಗಾಡಿಯವನು ತನ್ನ ಅಜ್ಜನ ಬಾವಿಯ ಕಥೆ ಶುರುಮಾಡಿರುತ್ತಿದ್ದ.

ಯಾತ್ರಿಕರಿಗೆ ಕೋಣೆ ಕಟ್ಟಲು ಸಾರನಾಥದ ಹತ್ತಿರ ಒಂದು ಜಾಗ ನೋಡಿದ್ದೆ. ನನ್ನ ಬಹುದಿನದ ಆಸೆ ಅದು. ಬೋರ್‌ವೆಲ್‌ಗೆಂದು ಮೂಲೆಯಲ್ಲಿ ಕಲ್ಲಿಟ್ಟು ಗುರುತೂ ಮಾಡಿದ್ದೆ. ಮಾರುವವನು ಇನ್ನೇನು ದಾರಿಗೆ ಬರುತ್ತಿದ್ದ. ಅಷ್ಟರಲ್ಲಿ ನನ್ನ ಜೊತೆ ಬಂದಿದ್ದ ಈಕೆ ಚಪ್ಪಲಿ ಬಿಟ್ಟು, ಅವನ ಮುದಿ ತಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದನ್ನೇ ಕೇಳಿದರು.

"ಹೈಜಾ ಬಂದವರನ್ನು ಇಲ್ಲಿ ತಂದು ಬಿಡುತ್ತಿದ್ದರು, ಬಿಟಿಯಾ," ಎಂದಳು ಮುದುಕಿ. ಹೈಜಾ ಎಂದರೆ ಕಾಲರಾ.

"ಅಮ್ಮಾ, ಗಿರಾಕಿ ಮುಂದೆ ಏನಿದು?" ಎಂದು ಮಗ ಗದರಿದ.

ನನಗೆ ಒಳಗೊಳಗೇ ಖುಷಿ. ದರ ಅರ್ಧಕ್ಕಿಳಿಸಲು ಇದಕ್ಕಿಂತ ಒಳ್ಳೆಯ ಮಾತು ಬೇಕೆ? "ಸಾಕು, ಏಳಿ ಮೇಡಂ," ಎಂದೆ.

"ಒಂದು ನಿಮಿಷ, ರಾಯರೇ," ಎಂದು ಆಕೆ ಮುದುಕಿಯ ಕಡೆಗೇ ತಿರುಗಿದರು. "ನಿಮ್ಮವರು ಯಾರಾದರೂ ಇದ್ದರೇ, ಮಾಯಿ?"

"ನನ್ನ ಅಕ್ಕ. ನೀರು ಕೇಳುತ್ತಿದ್ದಳು. ಹತ್ತಿರ ಹೋಗಲು ನನ್ನನ್ನು ಬಿಡಲಿಲ್ಲ."

ಮಗ ತಾಯಿಯನ್ನೇ ನೋಡುತ್ತ ನಿಂತ. ಅವನಿಗೂ ಅದು ಗೊತ್ತಿರಲಿಲ್ಲ. ಅರ್ಧ ದರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಕ್ಕ ಮಲಗಿದ್ದ ಜಾಗವೆಂದು ಮುದುಕಿ ಕೈ ಚಾಚಿ ತೋರಿಸಿದ್ದು ನಾನು ಗುರುತು ಮಾಡಿದ್ದ ಮೂಲೆಯನ್ನೇ. ಹೋಗಿ ಆ ಕಲ್ಲು ತೆಗೆದು, ಆಟೋ ಕರೆದೆ.