ತಾಯತದೊಳಗಿನ ಕರಡಿ

ತಾಯತ, ದೃಷ್ಟಿ ಅಂತ ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಚಿಕ್ಕಂದಿನಲ್ಲಿ ನಮ್ಮಮ್ಮ ನನಗೆ ಕಟ್ಟಿದ್ದ ತಾಯತವನ್ನೂ ಬೆಳ್ಳಿಯದು ಅಂತ ಇಟ್ಟುಕೊಂಡಿದ್ದೆ, ಅಷ್ಟೇ. ಆಗೆಲ್ಲ ನಮ್ಮ ಹಲಸೂರಿನ ಬೀದಿಗೆ ಕರಡಿ ಆಡಿಸೋನು ಬರ್ತಿದ್ದ. ಮಕ್ಕಳು ಬೆಚ್ಚಬಾರದು ಅಂತ ಅವನ ಹತ್ತಿರ ತಾಯತಕ್ಕೆ ಕರಡಿ ಕೂದಲು ತುಂಬಿಸಿ, ಅರಗು ಹಾಕಿಸಿ ಕಟ್ಟೋರು.

ನಾಲ್ಕು ವರ್ಷದ ಹಿಂದೆ ಮಗಳು ಸುಮಾಗೆ ಏಳನೇ ತಿಂಗಳಿಗೇ ಹೆರಿಗೆ ಆಯ್ತು. ನನ್ನ ಮೊಮ್ಮಗಳು! ಎರಡು ಅಂಗೈಯಲ್ಲಿ ಹಿಡಿಸೋವಷ್ಟೇ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮೂರು ವಾರ ಕಳೆದರೂ ಹಾಲು ಚೀಪಲಿಲ್ಲ. ಮೂಗಿನ ನಳಿಕೆಯಲ್ಲೇ ಕೊಡ್ತಿದ್ರು. ಹೀಗೇ ಆದ್ರೆ ಕಷ್ಟ ಅಂದ್ರು ಡಾಕ್ಟರು.

ಸುಮಾಗೆ ಜ್ವರ ಬಂದ ಮಧ್ಯಾಹ್ನ ನರ್ಸಮ್ಮ ನನ್ನ ಕರೆದರು. "ಅಜ್ಜಿ, ಮಗೂಗೆ ಮೈಶಾಖ ಬೇಕು. ನಿಮ್ಮ ಎದೆ ಮೇಲೆ ಮಲಗಿಸ್ಕೊಳ್ಳಿ. ಬಳೆ, ದಾರ ಏನೂ ಇರಬಾರದು."

"ಏನೂ ಇಲ್ಲ ತಾಯಿ" ಅಂತ ಸುಳ್ಳು ಹೇಳಿದೆ. ನಂಬದಿದ್ದವಳೇ ಬೆಳಿಗ್ಗೆ ತಾಯತವನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಿದ್ದೆ.

ಹತ್ತು ನಿಮಿಷ ಆಗಿರಬೇಕು. ಗುಂಯ್ ಅಂತ ಒಂದು ಸದ್ದು, ಜೇನುಗೂಡಿಗೆ ಕಿವಿ ಇಟ್ಟ ಹಾಗೆ. ನನ್ನ ಎದೆಗೂಡೆಲ್ಲ ನಡುಗಿತು.

"ಯಾರ್ದ್ರೀ ಫೋನು? ಒಳಗೆ ತರಬೇಡಿ ಅಂದಿಲ್ವಾ?" ನರ್ಸಮ್ಮ ರೇಗಿದರು. ಯಾರ ಹತ್ತಿರವೂ ಫೋನಿರಲಿಲ್ಲ. ಮಗು ತಲೆ ಆಡಿಸ್ತಾ ಏನೋ ಹುಡುಕ್ತಿತ್ತು. ನರ್ಸಮ್ಮ ಬೆರಳು ಕೊಟ್ಟರೆ ಚೀಪೇಬಿಡ್ತು! ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ.

ಮಗು ಮನೆಗೆ ಬಂದ ಮೇಲೆ ಒಂದು ದಿನ ಅಳಿಯಂದ್ರು ಫೋನಲ್ಲಿ ವಿಡಿಯೋ ನೋಡ್ತಿದ್ರು. ಎಲ್ಲೋ ಉತ್ತರದ ಹಿಮದ ಕಾಡು. ಅಲ್ಲಿನ ಕಪ್ಪು ಕರಡಿ ಚಳಿಗಾಲವಿಡೀ ಅನ್ನ ನೀರಿಲ್ಲದೆ ಗುಹೆಯಲ್ಲಿ ಮಲಗಿರುತ್ತಂತೆ, ಆ ಜೊಂಪಿನಲ್ಲೇ ಮರಿ ಹಾಕುತ್ತಂತೆ. ಕಣ್ಣೂ ಬಿಡದ ಮರಿ, ಅಂಗೈಯಷ್ಟೇ. ತಾಯಿಯ ಶಾಖ ಹಿಡಿದು ತೆವಳಿ, ಮೊಲೆಗೆ ಬಾಯಿಟ್ಟು ಗುಂಯ್ ಅಂದಿತು.

ಅದೇ ಸದ್ದು!

ಅವತ್ತೇ ತಾಯತದ ಅರಗು ಕಿತ್ತೆ. ಒಳಗೆ ಒಂದು ಕೂದಲೂ ಇಲ್ಲ.

"ಕರಡಿಯವನು ನಿಮ್ಮಮ್ಮಂಗೆ ಚೆನ್ನಾಗಿ ಟೋಪಿ ಹಾಕಿದಾನೆ ಅತ್ತೆ" ಅಂತ ಅಳಿಯಂದ್ರು ನಕ್ಕರು. ಇರಬಹುದು. ಹಾಗಾದ್ರೆ ಅವತ್ತು ಗುಂಯ್ ಅಂದಿದ್ದು ಯಾರು? ಮಗುನಾ? ನಾನಾ?

ಈಗ ನನ್ನ ಬಂಗಾರ, ನಾವಿರೋ ಜೀವನ್ ಬಿಮಾ ನಗರದ ಪಾರ್ಕೆಲ್ಲ ಕೂಗಿ ಎಬ್ಬಿಸ್ತಾಳೆ. ಖಾಲಿ ತಾಯತಕ್ಕೆ ಮತ್ತೆ ಅರಗು ಹಾಕಿಸಿ ಅವಳ ಸೊಂಟಕ್ಕೆ ಕಟ್ಟಿದೀನಿ. ಮಧ್ಯಾಹ್ನ ಅವಳು ಮಲಗಿದಾಗ ಅದಕ್ಕೆ ಕಿವಿ ಇಟ್ಟು ಕೇಳ್ತೀನಿ. ಏನೂ ಕೇಳಿಸಲ್ಲ. ಇವತ್ತೂ ಇಟ್ಟು ನೋಡಿದೆ.