ಜಲಪಾತದ ದಾರಿಯಲ್ಲಿ ನೀರು ಕೊಡುತ್ತಿದ್ದವಳು

ಬ್ರಿಟಿಷರ ಕಾಲದಲ್ಲಿ, ಮಳೆಗಾಲ ಬಂತೆಂದರೆ ಗೋಕಾಕದ ಜಲಪಾತ ನೋಡಲು ಬೆಳಗಾವಿ, ಪುಣೆಯಿಂದ ಜನ ಬರುತ್ತಿದ್ದರು. ಹೊಳೆಯ ಕೆಂಪು ನೀರು ನೋಡಲು ಚೆಂದ, ಕುಡಿಯಲು ಬಾರದು. ದಾರಿಯ ಹುಣಸೆಮರದ ಕೆಳಗೆ ಘೋಡಗೇರಿ ಕಡೆಯ ಒಬ್ಬ ಮುದುಕಿ ಬಾವಿಯ ನೀರಿನ ಕೊಡ ಇಟ್ಟುಕೊಂಡು ಕೂರುತ್ತಿದ್ದಳು. ತಂಬಿಗೆಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ನೀಡುವಳು. ಯಾರಾದರೂ ಕಾಸು ಚಾಚಿದರೆ, "ನೀರಿಗೆ ರೊಕ್ಕಾ ತಗೊಂಡ್ರ ಆ ಹೊಳಿ ನಕ್ಕೀತ್ರಿ!" ಎನ್ನುವಳು.

ಅವಳ ಎದುರಿಗೇ ನಾನು ಗೋಲಿಸೋಡಾ ಅಂಗಡಿ ಹಾಕಿದ್ದೆ. ಹೈಸ್ಕೂಲು ಓದಿದವನು. ವ್ಯಾಪಾರವೇ ಆಗುತ್ತಿರಲಿಲ್ಲ. ಒಂದು ದಿನ, ಅವಳತ್ತ ಹೊರಟಿದ್ದ ಪ್ರವಾಸಿಗಳನ್ನು ತಡೆದು ಮೆಲ್ಲಗೆ ಕೇಳಿದೆ: "ಆಕಿ ಯಾವ ಜಾತಿಯಾಕಿ ಅಂತ ಕೇಳೀರೇನ್ರಿ?"

ಅಷ್ಟೇ ಸಾಕಾಯಿತು. ಅವಳ ಜಾತಿ ನನಗೆ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಆ ಪ್ರಶ್ನೆಯನ್ನು ಬಂದವರಿಗೆಲ್ಲ ಕೇಳುತ್ತ ಹೋದೆ. ಅವಳ ಕೊಡ ಸಂಜೆಯವರೆಗೂ ತುಂಬಿದಂತೆಯೇ ಉಳಿಯತೊಡಗಿತು.

ಒಂದು ಮಧ್ಯಾಹ್ನ ಅವಳೇ ತಂಬಿಗೆ ಹಿಡಿದು, ಗಿರಾಕಿಗಳು ನಿಂತಿದ್ದಾಗಲೇ ನನ್ನ ಅಂಗಡಿಗೆ ಬಂದಳು.

"ಯಪ್ಪಾ, ದಿನಾ ಮುಂಜಾನಿ ನನ್ನ ಕಡೇನ ಕುಡಿತಿದ್ದಿ. ಇವರ ಮುಂದ ಒಂದ ಗುಟುಕ ಕುಡಿ. ನಿನ್ನ ನೋಡಿ ಅವರೂ ಕುಡಿತಾರ."

ಎಲ್ಲರೂ ನನ್ನನ್ನೇ ನೋಡಿದರು.

"ಬ್ಯಾಡಬೇ, ನೀರಡಿಕಿ ಇಲ್ಲ," ಎಂದೆ.

ಅವಳು ಆ ನೀರನ್ನು ನಿಧಾನವಾಗಿ ತಾನೇ ಕುಡಿದು ಮುಗಿಸಿದಳು. ಆಮೇಲೆ ಕೊಡ ಎತ್ತಿಕೊಂಡು ನಡೆದಳು, ಮತ್ತೆ ಬರಲಿಲ್ಲ. ಗಿರಾಕಿಗಳು ಸೋಡಾ ಕೇಳಿದರು. ಒಬ್ಬೊಬ್ಬರಿಗೂ ಗೋಲಿ ಒತ್ತಿ ಕೊಟ್ಟೆ.