ಒಬ್ಬರೇ ಎತ್ತುವ ಎಂಜಿನ್

ಕಾಂದಿವಲಿಯ ನಮ್ಮ ಚಾಳಿನ ಕೆಳಗಿನ ಕೋಣೆಯಲ್ಲಿ ರಾಜೇಸಾಬರಿದ್ದಾರೆ. ಕೋಣೆಗೆ ಅಂಟಿಕೊಂಡ ತಗಡಿನ ಶೆಡ್ಡೇ ಅವರ ಗ್ಯಾರೇಜು. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದ ಮೇಲೆ ಯಾರ ಹಂಗಿಗೂ ಬಿದ್ದವನಲ್ಲ ಎಂದು ಎದೆ ತಟ್ಟಿ ಹೇಳುತ್ತಾರೆ. ಹಾಗೆ ಹೇಳುವಾಗ ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾವೆಂದರೆ ಎಂಜಿನ್ ಎತ್ತುವವರು. ಯಾವುದಾದರೂ ಗಾಡಿಯ ಎಂಜಿನ್ ಇಳಿಸಬೇಕಾದ ಭಾನುವಾರ ರಾಜೇಸಾಬರು ನಟ್ಟು ಬಿಚ್ಚುವ ಪಾನಾ ಹಿಡಿದು ಶೆಡ್ಡಿನ ತಗಡಿಗೆ ಬಡಿಯುತ್ತಿದ್ದರು. ಆ ಸದ್ದಿಗೆ ಚಾಳಿನ ಗಂಡಸರು ಲುಂಗಿ ಎತ್ತಿ ಕಟ್ಟಿ ಇಳಿದುಬರಬೇಕು. ಎಂಜಿನ್ನಿಗೆ ಹಗ್ಗ, ಹಗ್ಗಕ್ಕೆ ಬಿದಿರಿನ ಗಳ, ಗಳಕ್ಕೆ ನಮ್ಮ ನಾಲ್ವರ ಹೆಗಲು. ಗಾಡಿ ನಿಂತಲ್ಲೇ ನಿಂತಿರುತ್ತಿತ್ತು. ಎಂಜಿನ್ ಮಾತ್ರ ಹೆಣದ ಹಾಗೆ ನಮ್ಮ ಹೆಗಲೇರಿ ಹೊರಗೆ ಬರುತ್ತಿತ್ತು. ಆಮೇಲೆ ಅವರ ಹೆಂಡತಿ ಮುಬೀನಾ ಭಾಬಿಯ ಶುಂಠಿ ಚಹಾ. ಚಹಾ ಕುಡಿದವರೆಲ್ಲ ತಮ್ಮ ಸ್ಕೂಟರನ್ನು ರಾಜೇಸಾಬರು ಪುಕ್ಕಟೆ ರಿಪೇರಿ ಮಾಡುವುದು ನ್ಯಾಯವೆಂದೇ ತಿಳಿದಿದ್ದರು. ನನ್ನ ಸ್ಕೂಟರಂತೂ ಅಲ್ಲೇ ವಾಸವಾಗಿತ್ತು.

ಬೆನ್ನು ಕೈಕೊಟ್ಟ ಮೇಲೆ ರಾಜೇಸಾಬರು ತಾವು ಹೆಗಲು ಕೊಡುವುದನ್ನು ಬಿಟ್ಟರು. ಬರೀ ಹುಕುಂ ಚಲಾಯಿಸುತ್ತಿದ್ದರು. ಒಂದು ದಿನ ಚಹಾ ಕುಡಿಯುತ್ತಾ, ಚೆನ್ನಯನವರ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವ ಕೊರಗಪ್ಪ ಬಾಯಿಬಿಟ್ಟ.

"ರಾಜೇಸಾಬರ ಗ್ಯಾರೇಜು ಅಂದ್ರೆ ಈಗ ನಮ್ಮ ಹೆಗಲೇ ಮಾರಾಯ್ರೆ. ನಾವು ಬಾರದಿದ್ರೆ ಬೀಗ ಹಾಕುವುದೇ ಸೈ."

ರಾಜೇಸಾಬರ ಮುಖ ಸಪ್ಪಗಾಯಿತು. ಮಾತು ಸುಳ್ಳಾಗಿದ್ದರೆ ನಕ್ಕುಬಿಡುತ್ತಿದ್ದರು.

ಮರುದಿನವೇ ಬೈಕುಲ್ಲಾದ ಗುಜರಿಗೆ ಹೋಗಿ ಹಳೆಯ ಚೈನ್ ಪುಲ್ಲಿಯನ್ನೂ ದಪ್ಪ ಕಬ್ಬಿಣದ ಪೈಪುಗಳನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದರು.

"ನೋಡ್ರಿ ಸರ, ಇನ್ನ ಮ್ಯಾಲ ಯಾರ ಹೆಗಲೂ ಬ್ಯಾಡ. ನಾ ಒಬ್ಬನೇ ಚೈನ್ ಜಗ್ಗತೀನಿ, ಎಂಜಿನ್ ತಾನೇ ಮ್ಯಾಲ ಬರ್ತದ. ಈ ಗ್ಯಾರೇಜ್ ನಂದದ, ನಂದೇ ಇರ್ತದ."

ಪೈಪುಗಳನ್ನು ತಾವೇ ಬೆಸೆದರು. ನಾಲ್ಕು ಕಾಲುಗಳನ್ನು ನೆಲದಲ್ಲಿ ಹೂತು ಸಿಮೆಂಟ್ ಹಾಕಿದರು. ಅಲ್ಲಾಡುವ ವಸ್ತು ಅವರಿಗೆ ಆಗದು. ಆದರೆ ಮೇಲಿನ ಅಡ್ಡತೊಲೆಯನ್ನು ಏರಿಸಬೇಕಲ್ಲ? ಮತ್ತೆ ತಗಡು ಬಡಿಯಿತು. "ಇದು ಕಡೀ ಸಲ" ಎಂದರು. ನಮ್ಮನ್ನು ಕೆಲಸದಿಂದ ತೆಗೆಯುವ ಯಂತ್ರವನ್ನು ನಾವೇ ಎತ್ತಿ ನಿಲ್ಲಿಸಿದೆವು. ಕೊರಗಪ್ಪ ಬೀಳ್ಕೊಡುಗೆಯೆಂದು ಇನ್ನೊಂದು ಲೋಟ ಚಹಾ ಕೇಳಿ ಕುಡಿದ.

ಮೊದಲು ಬಂದದ್ದು ಚೆನ್ನಯನವರ ಹೋಟೆಲಿಗೆ ತರಕಾರಿ ತರುವ ಮುದಿ ಜೀಪು. ಹೊಗೆ ಉಗುಳುತ್ತಾ ಬಂದು ಶೆಡ್ಡಿನೊಳಗೆ ಯಂತ್ರದ ಕಾಲುಗಳ ನಡುವೆ ನಿಂತಿತು. ಆ ಭಾನುವಾರ ತಗಡು ಬಡಿಯಲಿಲ್ಲ. ನಾವು ಚಾಳಿನ ಮೇಲಿನ ಗ್ಯಾಲರಿಯಲ್ಲಿ ಪೇಪರು ಹಿಡಿದು ಕೂತೆವು, ಯಾರೂ ಓದಲಿಲ್ಲ. ಕೆಳಗೆ ಚೈನು ಕಟಕಟ ಎನ್ನುತ್ತಿತ್ತು. ಆಮೇಲೆ ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಸದ್ದಿಲ್ಲ.

"ಅಣ್ಣಾರ, ಸ್ವಲ್ಪ ಬರ್ರಿ" ಎಂದು ಮುಬೀನಾ ಭಾಬಿ ಕೂಗಿದಾಗ ಪೇಪರು ಬಿಸಾಕಿ ಓಡಿದೆ.

ಅನಾಹುತವೇನೂ ಆಗಿರಲಿಲ್ಲ. ಎಂಜಿನ್ ಜೀಪಿನ ಮೇಲೆ ಗಾಳಿಯಲ್ಲಿ ಚೆಂದವಾಗಿ ತೂಗುತ್ತಿತ್ತು. ರಾಜೇಸಾಬರು ಎಣ್ಣೆ ಡಬ್ಬಿ ಬೋರಲು ಹಾಕಿ ಕೂತಿದ್ದರು.

"ಎಂಜಿನ್ ಮ್ಯಾಲ ಹೋತ್ರಿ" ಎಂದರು ಭಾಬಿ. "ಈಗ ಜೀಪ್ ಅದರ ಕೆಳಗಿಂದ ಹೊರಗ ಹೋಗವಲ್ದು."

ಜೀಪು ಹೊರಗೆ ಸರಿದರೆ ತಾನೇ ಎಂಜಿನ್ ನೆಲಕ್ಕಿಳಿಯುವುದು? ಬಾಗಿಲಲ್ಲಿ ಮಳೆನೀರು ತಡೆಯಲು ಕಟ್ಟಿದ ಸಿಮೆಂಟಿನ ದಿಬ್ಬವಿತ್ತು. ಬರುವಾಗ ಜೀಪು ತನ್ನ ಎಂಜಿನ್ನಿನ ಬಲದಿಂದ ಅದನ್ನು ಹತ್ತಿ ಇಳಿದಿತ್ತು. ಈಗ ಆ ಬಲವೆಲ್ಲ ಚೈನಿಗೆ ನೇತುಬಿದ್ದಿತ್ತು. ಇಷ್ಟು ವರ್ಷ ಎಂಜಿನ್ನನ್ನೇ ಹೊತ್ತು ಹೊರಗೆ ತಂದ ಮನುಷ್ಯನಿಗೆ ಗಾಡಿಯೂ ಸರಿಯಬೇಕಾದೀತೆಂಬುದು ಹೊಳೆದೇ ಇರಲಿಲ್ಲ.

ನಗು ತಡೆದುಕೊಂಡೆ. ರಾಜೇಸಾಬರು ನೆಲ ನೋಡುತ್ತಾ ಹೇಳಿದರು: "ಜೀಪಿನ ಚಿಂತಿ ಅಲ್ರಿ ಸರ. ಅಷ್ಟು ಛಂದ ಮ್ಯಾಲ ಬಂತು, ಶಾಬಾಶ್ ಅನ್ಲಿಕ್ಕೆ ಒಬ್ರೂ ಇರ್ಲಿಲ್ಲ."

ನನ್ನ ನಗು ಅಲ್ಲೇ ಇಂಗಿತು. ಪಾನಾ ತೆಗೆದುಕೊಂಡು ತಗಡಿಗೆ ನಾನೇ ಬಡಿದೆ.

ಎಲ್ಲರೂ ಬಂದರು, ಕಾಯುತ್ತಿದ್ದವರ ಹಾಗೆ. ನಾಲ್ವರಿಂದ ಜೀಪು ದಿಬ್ಬ ಹತ್ತಲಿಲ್ಲ, ಆರು ಜನ ಬೇಕಾಯಿತು. "ಮಷಿನ್ ಬಂದ ಮೇಲೆ ಕೆಲಸಕ್ಕೆ ಜನ ಜಾಸ್ತಿ ಆಯ್ತು ಮಾರಾಯ್ರೆ" ಎಂದ ಕೊರಗಪ್ಪ. ಈ ಸಲ ರಾಜೇಸಾಬರೂ ನಕ್ಕರು.

"ಆ ದಿಬ್ಬ ಒಡದ್ ಹಾಕ್ರಿ, ಒಬ್ರೇ ದೂಡಬಹುದು" ಎಂದು ಭಾಬಿ ಎಷ್ಟೋ ಸಲ ಹೇಳಿದರು. ಮಳೆಗಾಲಕ್ಕೆ ಮುಂಚೆ ರಾಜೇಸಾಬರು ಉಳಿ, ಸುತ್ತಿಗೆ ಹಿಡಿದು ಬಾಗಿಲಲ್ಲಿ ಕೂತದ್ದನ್ನು ಕಂಡು, ನಮ್ಮ ಚಹಾ ಮುಗಿಯಿತೆಂದುಕೊಂಡು ಕೆಲಸಕ್ಕೆ ಹೋದೆ. ಸಂಜೆ ಫೋರ್ಟಿನ ಆಫೀಸಿನಿಂದ ಬಂದು ನೋಡಿದರೆ ದಿಬ್ಬದ ಮೇಲೆ ಇನ್ನೊಂದು ವರಸೆ ಇಟ್ಟಿಗೆ ಕೂತಿತ್ತು, ಮೇಲೆ ಹಸಿ ಸಿಮೆಂಟು.

"ಇದು ಇನ್ನೂ ಎತ್ತರ ಆಯ್ತಲ್ಲ, ತಳ್ಳಲಿಕ್ಕೆ ಕಷ್ಟ ಉಂಟು" ಎಂದು ಕೊರಗಪ್ಪ ತಕರಾರು ತೆಗೆದ.

"ಹೌದಲ್ರಿ" ಎಂದರು ರಾಜೇಸಾಬರು, ಕೈ ಒರೆಸಿಕೊಳ್ಳುತ್ತಾ. "ಇನ್ನೂ ಇಬ್ರು ಬೇಕಾಗ್ತಾರ."